ಚೆಂಡೆಯ ಪ್ರತಿ ಹೊಡೆತಕ್ಕೂ ಭಾಗವತರ ಸ್ವರ ಕುಗ್ಗುತ್ತಿದ್ದರೆ

ಕಾಸರಗೋಡಿನ ತಾಳಮದ್ದಳೆಯ ರೆಕಾರ್ಡಿಂಗಿನಲ್ಲಿ ಹೀಗಾಗುತ್ತಿದೆ, ಲೌಡ್‌ಮ್ಯಾಕ್ಸ್ ಲಿಮಿಟರ್ (ಮಿತಿ ಮೀರಿದ ಸದ್ದನ್ನು ತಗ್ಗಿಸುವ ಸಾಫ್ಟ್‌ವೇರ್) ಬಿಟ್ಟು ಪ್ರೊ-ಎಲ್ 2 ಎಂಬ ಲಿಮಿಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ಒಂದೇ ಲಿಮಿಟರಿನಲ್ಲಿ 8 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಸುತ್ತಿರುವುದೇ ಕಾರಣ ಇರಬೇಕು. ಚೆಂಡೆಯ ಪೀಕ್ (ಸದ್ದಿನ ತುತ್ತತುದಿ) ಹಿಡಿಯುವಾಗ ಲಿಮಿಟರ್ ಇಡೀ ಮಿಕ್ಸನ್ನು ಒತ್ತುತ್ತದೆ, ಭಾಗವತರ ಪದವೂ ಜೊತೆಗೆ ತಗ್ಗುತ್ತದೆ. ಲೌಡ್‌ಮ್ಯಾಕ್ಸ್ ಬಿಟ್ಟು ಪ್ರೊ-ಎಲ್ 2 ಕೊಂಡರೂ ಇದು ಪೂರ್ತಿ ನಿಲ್ಲಲಿಕ್ಕಿಲ್ಲ.

ಮೊದಲು ಚೆಂಡೆಯ ಟ್ರ್ಯಾಕಿನಲ್ಲೇ ಕ್ಲಿಪ್ಪರ್ (ಸದ್ದಿನ ತುದಿಯನ್ನಷ್ಟೇ ಕತ್ತರಿಸುವ ಸಾಧನ) ಹಾಕಿ ಪೆಟ್ಟಿನ ತುದಿಯಿಂದ 3 ಡಿಬಿಯಷ್ಟು ಕತ್ತರಿಸಿ. ಪೆಟ್ಟು ಕ್ಷಣಮಾತ್ರದ್ದು, ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆ ತಾಳಮದ್ದಳೆಯ ಬಿಡಿ ಟ್ರ್ಯಾಕ್‌ಗಳು (ಪ್ರತಿ ವಾದ್ಯ, ಸ್ವರದ ಬೇರೆ ಬೇರೆ ರೆಕಾರ್ಡಿಂಗ್) ನಿಮ್ಮಲ್ಲಿವೆಯೋ ಇಲ್ಲವೋ ಬರೆದಿಲ್ಲ. ಸ್ಟೀರಿಯೋ ಫೈಲ್ ಮಾತ್ರವಾದರೆ 1 ಡಿಬಿಗೆ ನಿಲ್ಲಿಸಿ, ಹೆಚ್ಚಾದರೆ ಭಾಗವತರ ಏರುಸ್ವರ ಒಡೆಯುತ್ತದೆ.

ಬಳಿಕ ಲಿಮಿಟರಿನ ಇಳಿತ 2–3 ಡಿಬಿ ದಾಟದಂತೆ ಗೇನ್ (ಸದ್ದು ಏರಿಸುವ ಪ್ರಮಾಣ) ಇಡಿ. ಪ್ರೊ-ಎಲ್ 2ಕ್ಕೆ 30 ದಿನದ ಉಚಿತ ಪ್ರಯೋಗವಿದೆ, ದುಡ್ಡು ಕೊಡುವ ಮೊದಲು ಎರಡನ್ನೂ ಹೋಲಿಸಿ. ಎರಡರ ಔಟ್‌ಪುಟ್ ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮೀಟರಿನಲ್ಲಿ ಸಮ ಇರಲೇಬೇಕು. ಅರ್ಧ ಡಿಬಿ ಜೋರಿದ್ದದ್ದೇ ಚೆನ್ನಾಗಿ ಕೇಳುತ್ತದೆ, ಹೆಚ್ಚಿನ ಹೋಲಿಕೆಗಳು ಹಾಳಾಗುವುದು ಇಲ್ಲೇ. ಚೆಂಡೆಯನ್ನಲ್ಲ, ಹಿನ್ನೆಲೆಯ ಶ್ರುತಿಯನ್ನು ಕೇಳಿ. ಅದು ಪ್ರತಿ ಪೆಟ್ಟಿಗೂ ತಗ್ಗಿ ನಿಧಾನ ಏಳುತ್ತಿದ್ದರೆ ರಿಲೀಸ್ (ಒತ್ತಿದ ಸದ್ದನ್ನು ಲಿಮಿಟರ್ ಮತ್ತೆ ಬಿಡಲು ತೆಗೆದುಕೊಳ್ಳುವ ಸಮಯ) ಉದ್ದವಾಗಿದೆ. ಪ್ರೊ-ಎಲ್ 2ರಲ್ಲಿ ಅದನ್ನು ಕೈಯಾರೆ ಇಳಿಸಬಹುದು. ತೀರಾ ಇಳಿಸಿದರೆ ಮದ್ದಳೆಯ ತಗ್ಗಿನ ನಾದ ಕರಕರ ಎನ್ನುತ್ತದೆ, ಅಲ್ಲಿಂದ ಸ್ವಲ್ಪ ಹಿಂದೆ ಬನ್ನಿ.

ಲಿಮಿಟರಿನಲ್ಲಿ ಟ್ರೂ ಪೀಕ್ (ಡಿಜಿಟಲ್ ಸ್ಯಾಂಪಲ್‌ಗಳ ನಡುವಿನ ಪೀಕನ್ನೂ ಹಿಡಿಯುವ ಆಯ್ಕೆ) ಆನ್, ಸೀಲಿಂಗ್ (ಸದ್ದು ದಾಟಬಾರದ ಗರಿಷ್ಠ ಮಟ್ಟ) ಮೈನಸ್ 1 ಡಿಬಿ. ಯೂಟ್ಯೂಬಿಗಾದರೆ ಮೈನಸ್ 14 ಎಲ್‌ಯುಎಫ್‌ಎಸ್ ದಾಟಿದ್ದನ್ನು ಅದೇ ಇಳಿಸುತ್ತದೆ, ಮೈನಸ್ 8ಕ್ಕೆ ತಳ್ಳಿ ಪ್ರಯೋಜನವಿಲ್ಲ.