ಮನೆಯಲ್ಲಿ ಯಾರೂ ಅಕ್ಕಸಾಲಿಗರಿಲ್ಲ. ಬಿ.ಕಾಂ. ಮುಗಿಸಿ, 22ನೇ ವಯಸ್ಸಿನಲ್ಲಿ ಚಿನ್ನದ ಕೆಲಸ ಕಲಿಯಬಹುದೇ? ಕೋರ್ಸ್ ಸೇರಲೋ, ಅಂಗಡಿ ಸೇರಲೋ? ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಿಂದ ಸಹಾಯ ಸಿಗುತ್ತದೆಯೇ?

ಕಲಿಯಬಹುದು. ವಯಸ್ಸಿನ ಚಿಂತೆ ಬಿಡಿ. ಕೋರ್ಸೋ ಅಂಗಡಿಯೋ ಅಂದರೆ ನಾನು ಅಂಗಡಿ ಅಂತಲೇ ಹೇಳುತ್ತೇನೆ. ಆದರೆ ಹೊಸ ಒಡವೆ ಮಾಡುವ ಅಂಗಡಿ ಅಲ್ಲ, ರಿಪೇರಿ ಅಂಗಡಿ.

ನಾನು ಬೆಂಗಳೂರಿನ ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುತ್ತೇನೆ. ಒಂದು ಕಾಲಕ್ಕೆ ಈ ಕೆಲಸ ಮನೆತನದಲ್ಲೇ ಇತ್ತು. ಕರಾವಳಿಯಲ್ಲಿ ದೈವಜ್ಞರು, ಉಳಿದ ಕಡೆ ವಿಶ್ವಕರ್ಮರು, ಬಡಗಣ ಕರ್ನಾಟಕದಲ್ಲಿ ಪತ್ತಾರರು. ಹೊರಗಿನವರಿಗೆ ಯಾರೂ ಕಲಿಸುತ್ತಿರಲಿಲ್ಲ. ಈಗ ಆ ಮನೆಗಳ ಎಷ್ಟೋ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ನಮ್ಮ ಪೇಟೆಯ ಮಹಡಿ ಹತ್ತಿ ನೋಡಿದರೆ ಬಂಗಾಳದಿಂದ ಬಂದ ಹುಡುಗರೇ ಜಾಸ್ತಿ. ಹಾಗಾಗಿ "ನೀನು ಯಾರ ಮಗ" ಅಂತ ಕೇಳುವವರು ಕಡಿಮೆಯಾಗಿದ್ದಾರೆ. ಹಿಂದಿ ಬಂದರೆ ಒಳ್ಳೆಯದು, ಅಷ್ಟೇ.

ರಿಪೇರಿ ಅಂಗಡಿ ಯಾಕೆ? ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಕೆಲಸ ಹಂಚಿಹೋಗಿದೆ. ಒಬ್ಬ ಮೇಣದ ಮಾದರಿ ಇಟ್ಟು ಎರಕ ಹೊಯ್ಯುತ್ತಾನೆ, ಇನ್ನೊಬ್ಬ ಅರ ಹಾಕಿ ಉಜ್ಜುತ್ತಾನೆ, ಮತ್ತೊಬ್ಬ ಹರಳು ಕೂರಿಸುತ್ತಾನೆ, ಪಾಲಿಶ್‌ನವನು ಬೇರೆ. ಅರ ಹಾಕಲು ಸೇರಿದವನು ವರ್ಷಗಟ್ಟಲೆ ಅರವನ್ನೇ ಹಾಕುತ್ತಿರುತ್ತಾನೆ. ಕೈ ಚುರುಕಾಗುತ್ತದೆ ನಿಜ, ಆದರೆ ಪೂರ್ತಿ ಒಡವೆ ಅವನಿಗೆ ಬರುವುದೇ ಇಲ್ಲ.

ರಿಪೇರಿಗೆ ಬರುವ ಮಾಲು ಹಾಗಲ್ಲ. ಬೆಳಗ್ಗೆ ಹರಿದ ಸರ, ಮಧ್ಯಾಹ್ನ ಬೆರಳಿಗೆ ಬಿಗಿಯಾದ ಉಂಗುರ, ಸಂಜೆ ತಿರುಪು ಸವೆದ ಓಲೆ. ಒಂದೊಂದಕ್ಕೂ ಒಂದೊಂದು ಯೋಚನೆ ಬೇಕು. ಸರದ ಒಂದು ಕೊಂಡಿ ಬೆಸೆಯುವಾಗ ಪಕ್ಕದ ಕೊಂಡಿ ಅಂಟಬಾರದು, ಅಂಟಿದರೆ ಸರ ಅಲ್ಲಿ ಮಡಚುವುದಿಲ್ಲ. ಉಂಗುರದ ಅಡ್ಡಳತೆ 1 ಮಿಲಿಮೀಟರ್ ಹೆಚ್ಚಬೇಕಾದರೆ ಸುಮಾರು 3.14 ಮಿಲಿಮೀಟರ್ ಪಟ್ಟಿ ಸೇರಿಸಬೇಕು. ಬಿ.ಕಾಂ.ನವರಿಗೆ ಈ ಲೆಕ್ಕ ಕಷ್ಟವಲ್ಲ ಬಿಡಿ.

ಕಷ್ಟ ಇರುವುದು ಉರಿ ಹಿಡಿಯುವ ಮೊದಲು ಏನು ನೋಡಬೇಕು ಎಂಬುದರಲ್ಲಿ. ಮುತ್ತು, ಹವಳಕ್ಕೆ ಬೆಂಕಿ ತಾಗಿದರೆ ಮುಗಿಯಿತು. ಪಚ್ಚೆಯ ಬಿರುಕಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಬಿಸಿಗೆ ಅದು ಹೋಗಿ ಬಿರುಕು ಎದ್ದು ಕಾಣುತ್ತದೆ. ಕೆಂಪು ಕಲ್ಲು, ಅಂದರೆ ಮಾಣಿಕ್ಯ, ಬಿಸಿ ತಡೆಯುತ್ತದೆ ಎನ್ನುತ್ತಾರೆ. ಆದರೆ ಅದರ ಮೇಲೆ ಬೆಸುಗೆಗೆ ಹಾಕುವ ಬಿಳಿಗಾರ ಬಿದ್ದು ಕಾದರೆ ಹೊಳಪು ತಿಂದುಹೋಗುತ್ತದೆ. ಬಿರುಕಿಗೆ ಗಾಜು ತುಂಬಿದ ಕೆಂಪಾದರೆ ಕಲ್ಲೇ ಹಾಳು. ಹಳೇ ಒಡವೆಗಳ ಹೊಟ್ಟೆಯಲ್ಲಿ ಅರಗು ಇರುತ್ತದೆ, ಕಾಯಿಸಿದರೆ ಉಕ್ಕಿ ಹೊರಗೆ ಬರುತ್ತದೆ. ಹೊಸ ಒಡವೆ ಮಾಡುವಾಗ ಹರಳು ಕೊನೆಗೆ ಕೂರುತ್ತದೆ, ಈ ತಲೆನೋವು ಅಷ್ಟಾಗಿ ಬರುವುದಿಲ್ಲ. ಜೊತೆಗೆ, ಒಡವೆ ಎಲ್ಲಿ ಸವೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ದಿನಾ ನೋಡಿದವನು ಮುಂದೆ ತಾನು ಮಾಡುವಾಗ ಅಲ್ಲಿ ನಾಲ್ಕು ಕೂದಲೆಳೆಯಷ್ಟು ದಪ್ಪ ಬಿಡುತ್ತಾನೆ.

ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ ಇರುವ ಒಡವೆಯಲ್ಲಿ ಇನ್ನೊಂದು ವಿಷಯ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಬೇಕೇ ಬೇಕು. 22 ಕ್ಯಾರಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. ಕಡಿಮೆ ಚಿನ್ನದ ಬೆಸುಗೆಯನ್ನು ಸುಮ್ನೆ ಸುರಿದರೆ ನಾಳೆ ಕರಗಿಸಿದಾಗ 916 ಬರುವುದಿಲ್ಲ, ಗಿರಾಕಿ ನಿಮ್ಮ ಹತ್ತಿರವೇ ಬರುತ್ತಾರೆ. ಹಳೇ ಕಾಲದ ಕೆಡಿಎಂ ಬೆಸುಗೆ ಈಗಲೂ ಬಳಸುವ ಅಂಗಡಿ ಕಂಡರೆ ಅಲ್ಲಿ ಸೇರಬೇಡಿ. ಅದರಲ್ಲಿ ಕ್ಯಾಡ್ಮಿಯಂ ಇದೆ, ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕೆಟ್ಟದ್ದು.

ಮೊದಲ ದಿನವೇ ಯಾರೂ ಚಿನ್ನ ಕೈಗೆ ಕೊಡುವುದಿಲ್ಲ. ಅದರಲ್ಲಿ ಅವಮಾನ ಏನಿಲ್ಲ. ತೂಕ ಮಾಡಿ ಕೊಟ್ಟ ಚಿನ್ನ ತೂಕ ಮಾಡಿಯೇ ವಾಪಸ್ ಹೋಗಬೇಕು, ಅರದ ಪುಡಿಯೂ ಲೆಕ್ಕ. ನಮ್ಮ ಬೆಂಚಿನ ಕೆಳಗಿನ ಕಸವನ್ನೂ ಎಸೆಯುವುದಿಲ್ಲ, ಜಲಗಾರರು ಅದನ್ನು ಕೊಂಡು ತೊಳೆದು ಚಿನ್ನ ತೆಗೆಯುತ್ತಾರೆ. ಚಿನ್ನ ಕೈಗೆ ಸಿಗುವವರೆಗೆ ತಾಮ್ರ, ಬೆಳ್ಳಿ. ಇದನ್ನು ನೀವು ಮನೆಯಲ್ಲೇ ಶುರು ಮಾಡಬಹುದು. ತಾಮ್ರದ ತಗಡಿನ ಮೇಲೆ ಗೆರೆ ಎಳೆದು ಗರಗಸದಲ್ಲಿ ಗೆರೆ ಬಿಡದೆ ಕೊಯ್ಯಿರಿ. ಅಂಚನ್ನು ಅರದಿಂದ ಸಮ ಮಾಡಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಅರ. ಬೇಜಾರಿನ ಕೆಲಸ. ಆದರೆ ಸಂದು ಸರಿ ಕೂಡದಿದ್ದರೆ ಬೆಸುಗೆ ನಿಲ್ಲುವುದಿಲ್ಲ. ಬೆಳ್ಳಿ ಬೆಸೆಯುವಾಗ ಇಡೀ ವಸ್ತುವನ್ನು ಕಾಯಿಸಬೇಕು, ಯಾಕೆಂದರೆ ಅದು ಬಿಸಿಯನ್ನು ಕ್ಷಣದಲ್ಲಿ ಎಲ್ಲ ಕಡೆ ಹರಡಿಬಿಡುತ್ತದೆ. ಚಿನ್ನದಲ್ಲಿ ಆ ಜಾಗಕ್ಕಷ್ಟೇ ಉರಿ ಹಿಡಿದರೂ ನಡೆಯುತ್ತದೆ. ಬೆಳ್ಳಿಯಲ್ಲಿ ಕಲಿತವನಿಗೆ ಚಿನ್ನ ಸುಲಭ ಅನ್ನಿಸುವುದು ಅದಕ್ಕೇ.

ಕೋರ್ಸ್ ಬೇಡ ಅಂತಲ್ಲ. ರತ್ನ ಮತ್ತು ಆಭರಣ ರಫ್ತು ಉತ್ತೇಜನ ಮಂಡಳಿಯ ಐಐಜಿಜೆ ಸಂಸ್ಥೆ ಉಡುಪಿಯಲ್ಲೂ ಇದೆ, ಮುಂಬೈ, ಜೈಪುರದಲ್ಲೂ ಇದೆ. ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವುದು), ಎರಕ, ಹರಳಿನ ಪರಿಚಯ ಅಲ್ಲಿ ಕ್ರಮವಾಗಿ ಆಗುತ್ತದೆ, ಅಂಗಡಿಯಲ್ಲಿ ಆಗುವುದಿಲ್ಲ. ನನ್ನ ಮಾತು ಇಷ್ಟೇ: ಕೈಗೆ ಸ್ವಲ್ಪ ಅಭ್ಯಾಸ ಆದ ಮೇಲೆ ಸೇರಿ. ಅರ ಹಿಡಿಯದೆ ಕ್ಯಾಡ್ ಕಲಿತವರ ಡಿಸೈನ್ ನಮ್ಮ ಕೈಗೆ ಬಂದಾಗ ಹರಳು ಹಿಡಿಯುವ ಮುಳ್ಳೇ ಸಾಲದೆ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆಯೂ ಕೇಳಿದ್ದೀರಿ. 15,000 ರೂಪಾಯಿವರೆಗೆ ಉಪಕರಣಕ್ಕೆ, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, 5% ಬಡ್ಡಿಗೆ ಸಾಲ. ಆದರೆ ಅದು ಈಗಾಗಲೇ ಸ್ವಂತವಾಗಿ ಕಸುಬು ಮಾಡುತ್ತಿರುವವರಿಗೆ. ನಿಮಗೆ ಮುಂದೆ ಉಪಯೋಗಕ್ಕೆ ಬರಬಹುದು, ಈಗಲ್ಲ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಮೊದಲು ಸಿಗುವುದು ಬಸ್ಸು, ಊಟದ ಖರ್ಚಿನಷ್ಟು. ಕೈ ಕುದುರಿದ ಮೇಲೆ ಮಜೂರಿ ಲೆಕ್ಕದಲ್ಲಿ ಸಿಗುತ್ತದೆ, ಮದುವೆ ಕಾಲದಲ್ಲಿ ಚೆನ್ನಾಗಿ, ಉಳಿದಾಗ ಸುಮಾರಾಗಿ. ಬೆನ್ನು, ಕಣ್ಣು ಎರಡೂ ಸವೆಯುತ್ತವೆ. ಸೇರುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಅಂಗಡಿ ಕೇಳಲು ಆಷಾಢದಲ್ಲಿ ಹೋಗಿ. ಆಗ ಕೆಲಸ ಕಡಿಮೆ, ಮಾಲೀಕರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ನೀವೇ ಮಾಡಿದ ಒಂದೆರಡು ತಾಮ್ರದ ಉಂಗುರ ಜೇಬಿನಲ್ಲಿರಲಿ. ಅವರು ಮೊದಲು ತಿರುಗಿಸಿ ನೋಡುವುದು ಒಳಗಡೆಯ ಬೆಸುಗೆ, ಅಲ್ಲಿ ಚೊಕ್ಕ ಮಾಡಿಟ್ಟುಕೊಂಡು ಹೋಗಿ.