ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಪ್ರಮಾಣಪತ್ರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತವಾಗಿದ್ದುದರಿಂದ, ಅವುಗಳಲ್ಲಿ ಐದನ್ನು ಆಯ್ದು ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಕೇಳಿದವರೆಲ್ಲರೂ ತಮ್ಮ ಹೆಸರು ಪ್ರಕಟಿಸುವುದು ಬೇಡವೆಂದು ತಿಳಿಸಿದ್ದಾರೆ.

ಪ್ರಶ್ನೆ: ಎರಡು ವರ್ಷಗಳಲ್ಲಿ ಡೇಟಾ ಅನಾಲಿಟಿಕ್ಸ್, ಡಿಜಿಟಲ್ ಮಾರ್ಕೆಟಿಂಗ್, ಕ್ಲೌಡ್, ಸಂವಹನ ಕೌಶಲ ಹೀಗೆ ಒಟ್ಟು 23 ಆನ್‌ಲೈನ್ ಕೋರ್ಸ್‌ಗಳನ್ನು ಮುಗಿಸಿ, ಎಲ್ಲ ಪ್ರಮಾಣಪತ್ರಗಳನ್ನೂ ಲಿಂಕ್ಡ್‌ಇನ್‌ಗೆ ಸೇರಿಸಿದ್ದೇನೆ. ಡೇಟಾ ಅನಾಲಿಸ್ಟ್ ಹುದ್ದೆ ಹುಡುಕುತ್ತಿದ್ದೇನೆ, ಆದರೆ ಸಂದರ್ಶನಕ್ಕೆ ಕರೆಯೇ ಬರುತ್ತಿಲ್ಲ. ಇಷ್ಟೆಲ್ಲ ಕಲಿತದ್ದು ವ್ಯರ್ಥವಾಯಿತೇ?

ಉತ್ತರ: ಕಲಿತದ್ದು ಖಂಡಿತ ವ್ಯರ್ಥವಾಗಿಲ್ಲ. ಕರೆ ಬಾರದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ನಿಮ್ಮ ಪಟ್ಟಿಯಂತೂ ನಿಮ್ಮ ಪರವಾಗಿ ಮಾತನಾಡುತ್ತಿಲ್ಲ. ಪ್ರೊಫೈಲ್ ತೆರೆದ ಕೂಡಲೇ ಪ್ರಮಾಣಪತ್ರಗಳ ವಿಭಾಗದಲ್ಲಿ ಕಾಣುವುದು ಮೊದಲ ಕೆಲವು ನಮೂದುಗಳು ಮಾತ್ರ. ಉಳಿದವನ್ನು ನೋಡಬೇಕಾದರೆ ಇನ್ನೊಂದು ಪುಟಕ್ಕೆ ಹೋಗಬೇಕು. ಒಂದು ಹುದ್ದೆಗೆ ನೂರಾರು ಪ್ರೊಫೈಲ್‌ಗಳನ್ನು ನೋಡಬೇಕಾದ ವ್ಯಕ್ತಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ದತ್ತಾಂಶ ಹುಡುಕಿ ತೆಗೆಯಲು ಬಳಸುವ ಭಾಷೆಯಾದ ಎಸ್‌ಕ್ಯುಎಲ್‌ನ ನಿಮ್ಮ ಕೋರ್ಸ್ ಹದಿನಾಲ್ಕನೆಯ ಸ್ಥಾನದಲ್ಲಿದ್ದು ಸಂವಹನ ಕೌಶಲದ ಎರಡು ಗಂಟೆಯ ಪಾಠ ಮೇಲೆ ಕುಳಿತಿದ್ದರೆ, ಅವರ ಪಾಲಿಗೆ ನೀವು ಸಂವಹನ ಕೌಶಲ ಕಲಿತವರು, ಅಷ್ಟೇ.

ನಾವು 'ಸರ್ಟಿಫಿಕೇಟ್' ಎಂಬ ಒಂದೇ ಪದದಲ್ಲಿ ಕರೆಯುವುದು ಎರಡು ಬೇರೆ ಬೇರೆ ವಸ್ತುಗಳನ್ನು ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು, ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಪತ್ರ. 2012ರಲ್ಲಿ ಆರಂಭವಾದ ಕೋರ್ಸೆರಾದಂತಹ ತಾಣಗಳಲ್ಲಿ ಪಾಠಗಳನ್ನು ನೋಡಿ, ಅಭ್ಯಾಸಗಳನ್ನು ಪೂರೈಸಿದವರಿಗೆ ಸಿಗುವುದು ಸಾಮಾನ್ಯವಾಗಿ ಇದು. ಇನ್ನೊಂದು, ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಯಲ್ಲಿ ಗುರುತಿನ ಚೀಟಿ ತೋರಿಸಿ ಕುಳಿತು, ತೇರ್ಗಡೆಯಾದವರಿಗೆ ಮಾತ್ರ ಸಿಗುವ ಅರ್ಹತೆ. ನೆಟ್‌ವರ್ಕಿಂಗ್ ಕ್ಷೇತ್ರದಲ್ಲಿ ಸಿಸ್ಕೊ ಸಂಸ್ಥೆಯ ಸಿಸಿಎನ್‌ಎ, ಯೋಜನಾ ನಿರ್ವಹಣೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಪಿಎಂಪಿ ಈ ಬಗೆಯವು. ವ್ಯಕ್ತಿಗಳಿಗೆ ಇಂತಹ ಅರ್ಹತೆ ನೀಡುವ ಸಂಸ್ಥೆಗಳು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಐಎಸ್‌ಒ/ಐಇಸಿ 17024 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಮೊದಲನೆಯದು ಕೀಳು, ಎರಡನೆಯದು ಮೇಲು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೋರ್ಸ್ ಒಂದು ಪರೀಕ್ಷೆಗಿಂತ ಹೆಚ್ಚು ಕಲಿಸಬಹುದು. ಆದರೆ ಎರಡನ್ನೂ ಬೆರೆಸಿ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ, ಕಷ್ಟಪಟ್ಟು ಗಳಿಸಿದ್ದು ಸುಲಭವಾಗಿ ದೊರೆತದ್ದರ ನಡುವೆ ಕಳೆದುಹೋಗುತ್ತದೆ.

ಆದ್ದರಿಂದ 23ರಲ್ಲಿ ನಾಲ್ಕೈದನ್ನು ಮಾತ್ರ ಉಳಿಸಿಕೊಳ್ಳಿ. ಯಾವುದನ್ನು ಉಳಿಸಬೇಕೆಂದು ತೀರ್ಮಾನಿಸಲು ನಾನು ಅನುಸರಿಸುವ ಕ್ರಮ ಹೀಗಿದೆ: ಈ ಕೋರ್ಸಿನಲ್ಲಿ ಕಲಿತದ್ದನ್ನು ಬಳಸಿ ನೀವು ಏನು ಮಾಡಿದಿರಿ ಎಂದು ಸಂದರ್ಶಕರು ಕೇಳಿದರೆ ಎರಡು ನಿಮಿಷ ತಡವರಿಸದೆ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಅದು ಇರಲಿ, ಇಲ್ಲವಾದರೆ ತೆಗೆಯಿರಿ. ಪ್ರೊಫೈಲ್‌ನಿಂದ ತೆಗೆದ ಮಾತ್ರಕ್ಕೆ ಪ್ರಮಾಣಪತ್ರ ರದ್ದಾಗುವುದಿಲ್ಲ, ಕಲಿಕೆಯೂ ಎಲ್ಲಿಗೂ ಹೋಗುವುದಿಲ್ಲ.

ಉಳಿಸಿಕೊಂಡ ಪ್ರಮಾಣಪತ್ರಗಳ ಜೊತೆಗೆ ಕೆಲಸದ ಸಾಕ್ಷಿಯನ್ನೂ ಇಡಿ. ನಿಮ್ಮ ಪ್ರೊಫೈಲ್‌ನಲ್ಲಿ 'ಡೇಟಾ ಅನಾಲಿಟಿಕ್ಸ್‌ನಲ್ಲಿ ಪರಿಣತ' ಎಂದು ಇದೆ ಎಂದುಕೊಳ್ಳೋಣ. ಅದರ ಬದಲು ಪ್ರಾಜೆಕ್ಟ್‌ಗಳ ವಿಭಾಗದಲ್ಲಿ ಹೀಗೆ ಬರೆಯಬಹುದು: 'ಮೂರು ವರ್ಷಗಳ ಮಾರಾಟದ ದಾಖಲೆಯಲ್ಲಿ ಒಬ್ಬರೇ ಗ್ರಾಹಕರು ಹೆಸರಿನ ಬೇರೆ ಬೇರೆ ಕಾಗುಣಿತದಲ್ಲಿ ಎರಡೆರಡು ಬಾರಿ ಸೇರಿದ್ದನ್ನು ಎಸ್‌ಕ್ಯುಎಲ್ ಮೂಲಕ ಹುಡುಕಿ ಸರಿಪಡಿಸಿದೆ, ಬಳಿಕ, ಮೊದಲ ಖರೀದಿಯ ನಂತರ ಎಷ್ಟನೆಯ ತಿಂಗಳಲ್ಲಿ ಹೆಚ್ಚು ಗ್ರಾಹಕರು ಮರಳಿ ಬಾರದೆ ಉಳಿಯುತ್ತಾರೆ ಎಂಬುದನ್ನು ಚಾರ್ಟ್ ಮಾಡಿ ತೋರಿಸಿದೆ.' ಇದನ್ನು ಓದಿದವರಿಗೆ ನಿಮ್ಮ ಎಸ್‌ಕ್ಯುಎಲ್ ಪ್ರಮಾಣಪತ್ರದ ಅರ್ಥ ತಾನಾಗಿ ತಿಳಿಯುತ್ತದೆ. ಅಭ್ಯಾಸಕ್ಕಾಗಿ ಸಾರ್ವಜನಿಕ ದತ್ತಾಂಶ ಬಳಸಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಪ್ರಮಾಣಪತ್ರದ ನಮೂದಿಗೆ ಸಂಬಂಧಿಸಿದ ಕೌಶಲಗಳನ್ನು ಜೋಡಿಸಲು ಲಿಂಕ್ಡ್‌ಇನ್‌ನಲ್ಲಿಯೇ ಅವಕಾಶವಿದೆ, ಅದನ್ನು ಬಳಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದ ಒಂದು ಪ್ರಮಾಣಪತ್ರ ಅಥವಾ ಪ್ರಾಜೆಕ್ಟ್ ಇದ್ದರೆ, ಅದರ ಕೊಂಡಿಯನ್ನು ಪ್ರೊಫೈಲ್‌ನ ಮೇಲ್ಭಾಗದ 'ಫೀಚರ್ಡ್' ವಿಭಾಗದಲ್ಲಿ ಇಡಬಹುದು.

ಪ್ರಶ್ನೆ: ನಾನು ಪ್ರಮಾಣಪತ್ರದ ಹೆಸರು ಮತ್ತು ಕೊಟ್ಟ ಸಂಸ್ಥೆಯ ಹೆಸರನ್ನು ಮಾತ್ರ ತುಂಬಿ, ಪ್ರಮಾಣಪತ್ರದ ಫೋಟೊ ಹಾಕಿದ್ದೇನೆ. ಕ್ರೆಡೆನ್ಷಿಯಲ್ ಐಡಿ (ಪ್ರಮಾಣಪತ್ರದ ಸಂಖ್ಯೆ), ಯುಆರ್‌ಎಲ್ (ಅದರ ಪುಟದ ವಿಳಾಸ) ಮುಂತಾದ ಖಾನೆಗಳನ್ನು ತುಂಬಲೇಬೇಕೇ? ಫೋಟೊ ಸಾಲದೇ?

ಉತ್ತರ: ಕಡ್ಡಾಯವಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ಆ ಖಾನೆಗಳೇ ನಮೂದಿನ ಜೀವಾಳ. ನೀವು ಆ ವಿಭಾಗದಲ್ಲಿ ಬರೆದದ್ದು ನಿಜವೇ ಎಂದು ಲಿಂಕ್ಡ್‌ಇನ್ ಪರಿಶೀಲಿಸುವುದಿಲ್ಲ. ಯಾರು ಬೇಕಾದರೂ ಯಾವ ಸಂಸ್ಥೆಯ ಹೆಸರನ್ನು ಬೇಕಾದರೂ ತುಂಬಬಹುದು, ಆ ಸಂಸ್ಥೆಯ ಲಾಂಛನವೂ ಪಕ್ಕದಲ್ಲಿ ಮೂಡುತ್ತದೆ. ಪ್ರೊಫೈಲ್‌ಗಳಲ್ಲಿ ಕಾಣುವ ದೃಢೀಕರಣದ ಗುರುತು ವ್ಯಕ್ತಿಯ ಗುರುತು, ಉದ್ಯೋಗಸ್ಥಳದಂತಹ ವಿವರಗಳಿಗೆ ಸಂಬಂಧಿಸಿದ್ದು. ನೀವು ಕೈಯಾರೆ ತುಂಬಿದ ಪ್ರಮಾಣಪತ್ರಕ್ಕೆ ಅದು ಜಾಮೀನಲ್ಲ. ಹೀಗಿರುವಾಗ ನಿಮ್ಮ ಪ್ರಾಮಾಣಿಕ ನಮೂದಿಗೂ ಇನ್ನೊಬ್ಬರ ಸುಳ್ಳು ನಮೂದಿಗೂ ವ್ಯತ್ಯಾಸ ತೋರಿಸುವುದು, ಕೊಟ್ಟ ಸಂಸ್ಥೆಯ ಪುಟಕ್ಕೇ ಕರೆದೊಯ್ಯುವ ಕೊಂಡಿ. ಫೋಟೊವನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ಇಂದು ಎಲ್ಲರಿಗೂ ಗೊತ್ತಿದೆ.

ಕೊಂಡಿ ಹಾಕಿದರಷ್ಟೇ ಸಾಲದು, ಅದು ತೆರೆಯಬೇಕು. ಅಭ್ಯರ್ಥಿಗಳ ಪ್ರೊಫೈಲ್ ನೋಡುವಾಗ ನಾನು ಮತ್ತೆ ಮತ್ತೆ ಕಂಡಿರುವ ದೋಷ ಇದು: 'ಶೋ ಕ್ರೆಡೆನ್ಷಿಯಲ್' ಎಂಬುದನ್ನು ಒತ್ತಿದರೆ ಪ್ರಮಾಣಪತ್ರದ ಬದಲು ಕೋರ್ಸ್ ತಾಣದ ಲಾಗಿನ್ ಪುಟ ಎದುರಾಗುತ್ತದೆ. ಕೋರ್ಸ್ ಮುಗಿದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಂಡದ್ದನ್ನೇ ಅಭ್ಯರ್ಥಿ ನಕಲಿಸಿ ಅಂಟಿಸಿರುತ್ತಾರೆ. ಅದು ಅವರ ಖಾತೆಯ ಒಳಗಿನ ಪುಟ, ಅವರಿಗೆ ಮಾತ್ರ ತೆರೆಯುತ್ತದೆ. ತಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ತೆರೆಯುವುದರಿಂದ ಅವರಿಗೆ ಈ ತಪ್ಪು ಎಂದೂ ತಿಳಿಯುವುದಿಲ್ಲ. ಹಾಗಾಗಿ ಬ್ರೌಸರಿನಲ್ಲಿ ಪ್ರೈವೇಟ್ ವಿಂಡೊ ತೆರೆದು, ಯಾವ ತಾಣಕ್ಕೂ ಲಾಗಿನ್ ಆಗದೆ, ಪ್ರತಿ ಕೊಂಡಿಯನ್ನೂ ಒಮ್ಮೆ ಅಲ್ಲಿ ಅಂಟಿಸಿ ನೋಡಿ. ತೆರೆಯದಿದ್ದರೆ, ಪ್ರಮಾಣಪತ್ರದ ಪುಟದಲ್ಲಿ 'ಶೇರ್' ಅಥವಾ 'ವೆರಿಫೈ' ಎಂಬಲ್ಲಿ ಸಿಗುವ ಸಾರ್ವಜನಿಕ ಕೊಂಡಿಯನ್ನು ಬಳಸಿ. ಹತ್ತು ನಿಮಿಷದ ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ.

ಹಲವು ಸಂಸ್ಥೆಗಳು ಈಗ ಕ್ರೆಡ್ಲಿಯಂತಹ ಸೇವೆಗಳ ಮೂಲಕ ಡಿಜಿಟಲ್ ಬ್ಯಾಡ್ಜ್ ಕೊಡುತ್ತವೆ. ಮೊಜಿಲ್ಲಾ 2011ರಲ್ಲಿ ಆರಂಭಿಸಿದ ಓಪನ್ ಬ್ಯಾಡ್ಜಸ್ ಯೋಜನೆಯಿಂದ ಬೆಳೆದ ಮಾನದಂಡದ ಪ್ರಕಾರ, ಇಂತಹ ಬ್ಯಾಡ್ಜ್ ಬರಿಯ ಚಿತ್ರವಲ್ಲ. ಕೊಟ್ಟವರು ಯಾರು, ಯಾರಿಗೆ, ಯಾವಾಗ, ಯಾವ ನಿಯಮ ಪೂರೈಸಿದ್ದಕ್ಕೆ ಎಂಬ ವಿವರಗಳು ಅದರೊಂದಿಗೆ ಬೆಸೆದುಕೊಂಡಿರುತ್ತವೆ. ಬ್ಯಾಡ್ಜ್‌ನ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಆ ವಿವರಗಳೆಲ್ಲ ಕಳಚಿ ಚಿತ್ರವಷ್ಟೇ ಉಳಿಯುತ್ತದೆ. ಆದ್ದರಿಂದ ಬ್ಯಾಡ್ಜ್‌ನ ಪುಟದ ವಿಳಾಸವನ್ನೇ ಯುಆರ್‌ಎಲ್ ಖಾನೆಯಲ್ಲಿ ಕೊಡಿ.

ನೀವು ಈಗಾಗಲೇ ಹಾಕಿರುವ ಫೋಟೊವನ್ನು ಇಂದೇ ದೊಡ್ಡದು ಮಾಡಿ ನೋಡಿ. ಮೂಲೆಯಲ್ಲಿ ಜನ್ಮದಿನಾಂಕ, ನೋಂದಣಿ ಸಂಖ್ಯೆ, ಮನೆಯ ವಿಳಾಸ, ಪೋಷಕರ ಹೆಸರು ಇವುಗಳಲ್ಲಿ ಯಾವುದಾದರೂ ಅಚ್ಚಾಗಿದ್ದರೆ ಆ ಫೋಟೊವನ್ನು ಕೂಡಲೇ ತೆಗೆಯಿರಿ. ಪ್ರಮಾಣಪತ್ರದ ಮೇಲಿನ ಕ್ಯುಆರ್ ಕೋಡ್ ಕೂಡ ಈ ವಿವರಗಳಿರುವ ಪುಟಕ್ಕೆ ಕರೆದೊಯ್ಯಬಹುದು. ಸಂಭ್ರಮದಲ್ಲಿ ಹಂಚಿಕೊಂಡ ಒಂದು ಚಿತ್ರದಿಂದ ಅಪರಿಚಿತರ ಕೈಗೆ ನಿಮ್ಮ ಗುರುತಿನ ವಿವರ ಸಿಗಬಾರದು ಎಂಬ ಕಳಕಳಿಯಿಂದ ಈ ಮಾತು ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಕ್ಲೌಡ್ ಪ್ರಮಾಣಪತ್ರದ ಅವಧಿ ಮುಗಿದು ಎಂಟು ತಿಂಗಳಾಗಿದೆ. ಅವಧಿ ಮುಗಿಯುವ ದಿನಾಂಕವನ್ನು ಅಳಿಸಿ ಹಾಗೆಯೇ ಬಿಟ್ಟರೆ ತಪ್ಪಾಗುತ್ತದೆಯೇ?

ಉತ್ತರ: ತಪ್ಪಾಗುತ್ತದೆ. ದಿನಾಂಕ ಅಳಿಸಿದ ಕೂಡಲೇ ಆ ನಮೂದು ಇಂದಿಗೂ ಊರ್ಜಿತವಾಗಿದೆ ಎಂಬ ಅರ್ಥ ಕೊಡುತ್ತದೆ, ಅದು ಈಗ ನಿಜವಲ್ಲ. ಈ ಕ್ಷೇತ್ರದವರಿಗೆ ಅವಧಿಗಳು ಬಾಯಿಪಾಠವಾಗಿರುತ್ತವೆ. ಅಮೆಜಾನ್ ವೆಬ್ ಸರ್ವೀಸಸ್‌ನ ಪ್ರಮಾಣಪತ್ರಗಳು ಸಾಮಾನ್ಯವಾಗಿ 3 ವರ್ಷ ನಡೆಯುತ್ತವೆ. ಮೈಕ್ರೋಸಾಫ್ಟ್‌ನ ಹುದ್ದೆ ಆಧಾರಿತ ಪ್ರಮಾಣಪತ್ರಗಳಿಗೆ 1 ವರ್ಷದ ಅವಧಿ, ಅದರ ಫಂಡಮೆಂಟಲ್ಸ್ ಹಂತದವಕ್ಕೆ ಅವಧಿಯ ಮಿತಿಯಿಲ್ಲ. ಪಿಎಂಪಿಯನ್ನು 3 ವರ್ಷಕ್ಕೊಮ್ಮೆ 60 ಗಂಟೆಗಳ ಮುಂದುವರಿದ ಕಲಿಕೆಯ ಲೆಕ್ಕ ಕೊಟ್ಟು ನವೀಕರಿಸಿಕೊಳ್ಳಬೇಕು. ಐದು ವರ್ಷದ ಹಿಂದೆ ಪಡೆದದ್ದಕ್ಕೆ ಮುಕ್ತಾಯದ ದಿನಾಂಕವೇ ಇಲ್ಲದಿದ್ದರೆ ಅನುಮಾನ ಮೂಡುವುದು ಸಹಜ, ಮತ್ತು ಆ ಅನುಮಾನ ನಿಮ್ಮ ಉಳಿದ ನಮೂದುಗಳಿಗೂ ಹರಡುತ್ತದೆ.

ನವೀಕರಿಸುವ ಉದ್ದೇಶವಿದ್ದರೆ ದಿನಾಂಕ ಸಹಿತ ಹಾಗೆಯೇ ಇರಲಿ, ನವೀಕರಣವಾದ ಮೇಲೆ ಬದಲಿಸಿ. ಮೈಕ್ರೋಸಾಫ್ಟ್‌ನದಾದರೆ ಮುಂದಿನ ಸಲ ಎಚ್ಚರವಹಿಸಿ: ಅವಧಿ ಮುಗಿಯುವ 6 ತಿಂಗಳ ಮೊದಲೇ ಶುಲ್ಕವಿಲ್ಲದ ಆನ್‌ಲೈನ್ ಮೌಲ್ಯಮಾಪನಕ್ಕೆ ಅವಕಾಶ ತೆರೆಯುತ್ತದೆ, ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆಯನ್ನೇ ಬರೆಯಬೇಕು. ನವೀಕರಿಸುವ ಉದ್ದೇಶವಿಲ್ಲದಿದ್ದರೆ ನಮೂದನ್ನು ತೆಗೆದು, ಆ ತಿಳಿವಳಿಕೆಯನ್ನು ಬಳಸಿ ಮಾಡಿದ ಕೆಲಸವನ್ನು ಅನುಭವದ ವಿಭಾಗದಲ್ಲಿ ವಿವರಿಸಿ. ಕೆಲಸಕ್ಕೆ ಅವಧಿ ಮುಗಿಯುವುದಿಲ್ಲ.

ಪ್ರಶ್ನೆ: ಮಾಹಿತಿ ಸುರಕ್ಷತೆಯ ಸಿಐಎಸ್‌ಎಸ್‌ಪಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ಆದರೆ ನನಗಿರುವುದು ಎರಡು ವರ್ಷಗಳ ಅನುಭವ. ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಬರೆದುಕೊಳ್ಳಬಹುದೇ?

ಉತ್ತರ: ಮೊದಲಿಗೆ ಅಭಿನಂದನೆಗಳು, ಅದು ಸುಲಭದ ಪರೀಕ್ಷೆಯಲ್ಲ. ಆದರೆ ಸದ್ಯಕ್ಕೆ ಹಾಗೆ ಬರೆದುಕೊಳ್ಳುವಂತಿಲ್ಲ. ಸಿಐಎಸ್‌ಎಸ್‌ಪಿ ಎನಿಸಿಕೊಳ್ಳಲು ಪರೀಕ್ಷೆಯ ಜೊತೆಗೆ, ನಿಗದಿತ 8 ವಿಷಯಗಳ ಪೈಕಿ ಕನಿಷ್ಠ 2ರಲ್ಲಿ ಒಟ್ಟು 5 ವರ್ಷಗಳ ಕೆಲಸದ ಅನುಭವ ಬೇಕು. ಸೂಕ್ತ ಪದವಿ ಅಥವಾ ಮಾನ್ಯತೆ ಪಡೆದ ಇನ್ನೊಂದು ಪ್ರಮಾಣಪತ್ರ ಇದ್ದರೆ ಅದರಲ್ಲಿ 1 ವರ್ಷದ ರಿಯಾಯಿತಿ ಸಿಗಬಹುದು. ಅನುಭವವನ್ನು ಅನುಮೋದಿಸುವ ಹಂತವೂ ಆ ನಂತರ ಇದೆ. ಅಲ್ಲಿಯವರೆಗೆ, ಸಿಐಎಸ್‌ಎಸ್‌ಪಿ ನೀಡುವ ಐಎಸ್‌ಸಿ2 ಸಂಸ್ಥೆಯಿಂದ ನಿಮಗೆ ದೊರೆಯಬಹುದಾದ ಸ್ಥಾನ 'ಅಸೋಸಿಯೇಟ್ ಆಫ್ ಐಎಸ್‌ಸಿ2', ಅನುಭವ ಗಳಿಸಲು 6 ವರ್ಷಗಳ ಕಾಲಾವಕಾಶವಿದೆ. ಪ್ರೊಫೈಲ್‌ನಲ್ಲಿ ಆ ಹೆಸರನ್ನೇ ಬಳಸಿ. ಹೆಸರಿನ ಕೆಳಗಿನ ಸಾಲಾದ ಹೆಡ್‌ಲೈನ್‌ನಲ್ಲಿ 'ಸಿಐಎಸ್‌ಎಸ್‌ಪಿ' ಎಂದು ಬರೆದು ಮುಂದೆ 'ಅನುಮೋದನೆ ಬಾಕಿ' ಎಂದು ಸೇರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹುಡುಕಾಟದಲ್ಲಿ ಮೊದಲ ಪದವಷ್ಟೇ ಕಣ್ಣಿಗೆ ಬೀಳುತ್ತದೆ, ಬಾಕಿಯ ಮಾತು ಹಿಂದೆ ಉಳಿಯುತ್ತದೆ. ಹಿರಿಯ ಸಹೋದ್ಯೋಗಿಗಳು ನಾಳೆ ನಿಮ್ಮ ಅನುಭವಕ್ಕೆ ಸಾಕ್ಷಿಯಾಗಿ ನಿಲ್ಲಬೇಕಾದವರು. ಅವರ ಕಣ್ಣಿಗೆ ಇಂತಹದ್ದು ಬೀಳುವುದು ಒಳ್ಳೆಯದಲ್ಲ.

ಪರೀಕ್ಷೆಗೆ ಇನ್ನೂ ಓದುತ್ತಿರುವವರಿಗೂ ಇದೇ ಅನ್ವಯಿಸುತ್ತದೆ. ತಯಾರಿಯ ವಿಷಯವನ್ನು 'ಅಬೌಟ್' ಭಾಗದಲ್ಲಿ ಒಂದು ವಾಕ್ಯದಲ್ಲಿ ಹೇಳಬಹುದು, ಪ್ರಮಾಣಪತ್ರಗಳ ವಿಭಾಗದಲ್ಲಿ ಅದಕ್ಕೆ ಜಾಗವಿಲ್ಲ.

ಪ್ರಶ್ನೆ: ಒಮ್ಮೆಲೇ ಆರು ಪ್ರಮಾಣಪತ್ರಗಳನ್ನು ಸೇರಿಸಬೇಕೆಂದಿದ್ದೇನೆ. ಪ್ರತಿಯೊಂದಕ್ಕೂ ಸೂಚನೆ ಹೋಗಿ, ನಾನು ಕೆಲಸ ಬಿಡುತ್ತಿದ್ದೇನೆಂದು ಕಚೇರಿಯಲ್ಲಿ ಭಾವಿಸಬಹುದೆಂಬ ಅಂಜಿಕೆಯಿದೆ.

ಉತ್ತರ: ನಮೂದು ಸೇರಿಸುವ ಪುಟದಲ್ಲಿಯೇ, ಸಂಪರ್ಕದಲ್ಲಿರುವವರಿಗೆ ತಿಳಿಸಬೇಕೇ ಎಂಬ ಆಯ್ಕೆ ಇರುತ್ತದೆ, ಉಳಿಸುವ ಮೊದಲು ಅದು ಬಂದ್ ಆಗಿದೆಯೇ ಎಂದು ಪ್ರತಿ ಸಲವೂ ಖಚಿತಪಡಿಸಿಕೊಳ್ಳಿ. ಇದರಿಂದ ನಿಲ್ಲುವುದು ಸೂಚನೆ ಮಾತ್ರ. ನಿಮ್ಮ ಪ್ರೊಫೈಲ್ ತೆರೆದವರಿಗೆ ಆರೂ ಕಾಣುತ್ತವೆ. ಅವುಗಳಲ್ಲಿ ಈಗಿನ ಕೆಲಸಕ್ಕೆ ನೆರವಾಗುವುದು ಯಾವುದಾದರೂ ಇದ್ದರೆ, ಪ್ರೊಫೈಲ್‌ನಲ್ಲಿ ಹಾಕುವ ಮೊದಲೇ ನಿಮ್ಮ ಮೇಲಧಿಕಾರಿಗೆ ನೇರವಾಗಿ ತಿಳಿಸಿಬಿಡಿ.