ಅಟ್ಟದ ಮೇಲೆ 700 ಬಾಟಲಿ

(ಮನೆಯಿಂದಲೇ ಆನ್‌ಲೈನ್ ವ್ಯಾಪಾರ ಮಾಡುವವರ ಪ್ರಶ್ನೆಗಳಿಗೆ ಮೀಸಲಾದ ಅಂಕಣ. ಉತ್ತರ ಬರೆಯುವವರು ಹುಬ್ಬಳ್ಳಿಯ ಮನೆಯಿಂದ 9 ವರ್ಷಗಳಿಂದ ಗುಳೇದಗುಡ್ಡ ಖಣ (ಕೈಮಗ್ಗದ ರವಿಕೆ ಬಟ್ಟೆ) ಮಾರುತ್ತಿದ್ದಾರೆ.)

ಪ್ರಶ್ನೆ: ಅಕ್ಕಾ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಎರಡು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತಿದ್ದೇನೆ. ಕಳೆದ ಸೀಸನ್‌ನಲ್ಲಿ ಮಿಡಿಗೆ 24,000, ಸಾಸಿವೆ-ಮೆಣಸು-ಉಪ್ಪಿಗೆ 9,000, ಬಾಟಲಿಗೆ 22,000, ಡಬ್ಬ-ಲೇಬಲ್‌ಗೆ 6,000, ಹಪ್ಪಳಕ್ಕೆ ಕೈಸಹಾಯಕ್ಕೆ ಬಂದವರ ಕೂಲಿ 15,000, ಒಟ್ಟು 76,000 ಖರ್ಚಾಯಿತು. 280 ರೂಪಾಯಿಯಂತೆ 300 ಬಾಟಲಿ ಉಪ್ಪಿನಕಾಯಿ, 150ರಂತೆ 120 ಕಟ್ಟು ಹಪ್ಪಳ ಹೋಯಿತು. ಕೊರಿಯರ್ ದುಡ್ಡು ಗಿರಾಕಿಗಳದ್ದೇ. ಆದರೂ ಜೂನ್ ಕೊನೆಗೆ ಕೈಯಲ್ಲಿ ಉಳಿದದ್ದು 26,000. ಮಳೆಗಾಲದಲ್ಲಿ ಮಾರಲು ಏನೂ ಇರಲಿಲ್ಲ. ದೀಪಾವಳಿಗೆ ಅರವತ್ತು ಜನರಾದರೂ ಕೇಳಿದರು, ಇಲ್ಲ ಅಂದೆ. ಆನ್‌ಲೈನ್ ತರಗತಿಯೊಂದರಲ್ಲಿ 'ಕ್ವಾರ್ಟರ್ಲಿ ಪ್ಲಾನ್' ಮಾಡಿ ಅಂತ 14 ಕಾಲಂನ ಎಕ್ಸೆಲ್ ಶೀಟ್ ಕೊಟ್ಟಿದ್ದಾರೆ. ನನಗೆ ಅದರ ತಲೆಬುಡ ತಿಳಿಯಲಿಲ್ಲ. ನನ್ನಷ್ಟು ಸಣ್ಣವರಿಗೆ ಇದೆಲ್ಲ ಬೇಕಾ? ಬೇಕಾದರೆ ಕಾಗದದ ಮೇಲೆ ಹೇಗೆ ಬರೆಯಲಿ?

ಉತ್ತರ: ಬೇಕು ತಂಗಿ. ಎಕ್ಸೆಲ್ ಶೀಟ್ ಬೇಡ. ನೀವು ಪತ್ರದಲ್ಲಿ ಬರೆದ ಆ ಐದು ಖರ್ಚು, ಎರಡು ಮಾರಾಟ ಇದೆಯಲ್ಲ, ಅದೇ ಮುಕ್ಕಾಲು ಪ್ಲಾನ್. ಇಷ್ಟು ಚೊಕ್ಕ ಲೆಕ್ಕ ಇಟ್ಟವರು ನನಗೆ ಪತ್ರ ಬರೆಯುವುದೇ ಅಪರೂಪ.

ಮೊದಲು ಆ ಬಾಟಲಿ ವಿಷಯ. 300 ಬಾಟಲಿ ಉಪ್ಪಿನಕಾಯಿಗೆ 22,000 ರೂಪಾಯಿಯ ಬಾಟಲಿ ಹೇಗೆ ಅಂತ ಫೋನ್ ಮಾಡಿ ಕೇಳಿದೆ. 'ಮುನ್ನೂರು ತಗೊಂಡರೆ ಒಂದಕ್ಕೆ 26, ಸಾವಿರ ತಗೊಂಡರೆ 22 ಅಂದರು ಅಕ್ಕಾ' ಅಂದಿರಿ. ಉಳಿದ 700 ಅಟ್ಟದ ಮೇಲಿವೆಯಂತೆ. ಈಗ ನೋಡಿ. 300ಕ್ಕೆ ತಲಾ 4 ರೂಪಾಯಿ ಉಳಿಸಿದಿರಿ, ಅಂದರೆ 1,200. ಅದಕ್ಕಾಗಿ 15,400 ರೂಪಾಯಿಯನ್ನು ಅಟ್ಟ ಹತ್ತಿಸಿದಿರಿ. ಬರೀ ಮುನ್ನೂರು ತಗೊಂಡಿದ್ದರೆ ಜೂನ್ ಕೊನೆಗೆ 26,000 ಅಲ್ಲ, 40,200 ಇರುತ್ತಿತ್ತು. ನಷ್ಟ ಆಗಿಲ್ಲ, ಹೆದರಬೇಡಿ. ದುಡ್ಡು ಗಾಜಾಗಿ ಕೂತಿದೆ ಅಷ್ಟೇ. ಇಂಥದ್ದನ್ನು ಮೊದಲೇ ಕಾಣುವಂತೆ ಮಾಡುವುದೇ ಮೂರು ತಿಂಗಳ ಪ್ಲಾನ್‌ನ ಕೆಲಸ.

ಎರಡನೆಯದು ಹಪ್ಪಳ. 120 ಕಟ್ಟಿಗೆ 18,000 ಬಂತು, ಕೂಲಿಯೇ 15,000 ಹೋಯಿತು. ಹಲಸು ನಿಮ್ಮದೇ ತೋಟದ್ದು, ಒಣಗಿಸಿದ್ದು ನಿಮ್ಮದೇ ಅಂಗಳದಲ್ಲಿ, ಕಾಗೆ ಕಾದದ್ದು ನಿಮ್ಮ ಅತ್ತೆ. ಅಷ್ಟಕ್ಕೂ ಸೇರಿ 3,000. ಅದರಲ್ಲೂ ಪ್ಯಾಕಿಂಗ್ ಕಳೆಯಬೇಕು. ಹಪ್ಪಳ ಬಿಡಿ ಅನ್ನುತ್ತಿಲ್ಲ. ಉಪ್ಪಿನಕಾಯಿ ತರಿಸುವವರು ಹಪ್ಪಳಕ್ಕಾಗಿಯೇ ನಿಮ್ಮ ಹತ್ತಿರ ಬರುತ್ತಿರಬಹುದು. ಆದರೆ 150ಕ್ಕೆ ಕೊಡಬೇಡಿ. ಮೇ ತಿಂಗಳಲ್ಲಿ ಎಲ್ಲವನ್ನೂ ಖಾಲಿ ಮಾಡಲೂ ಬೇಡಿ. ಹಲಸಿನ ಹಪ್ಪಳ ತಿನ್ನೋ ಹೊತ್ತು ಯಾವುದು ಹೇಳಿ? ಹೊರಗೆ ಮಳೆ ಹೊಯ್ಯುತ್ತಿರಬೇಕು, ಒಳಗೆ ಎಣ್ಣೆ ಕಾಯುತ್ತಿರಬೇಕು. ಬೆಂಗಳೂರಿನಲ್ಲಿ ಕೂತ ನಿಮ್ಮೂರಿನವರಿಗೆ ಹಪ್ಪಳ ನೆನಪಾಗುವುದೇ ಜುಲೈನಲ್ಲಿ. ಅರ್ಧದಷ್ಟನ್ನು ತೇವ ಒಳಹೋಗದ ಡಬ್ಬದಲ್ಲಿ ಎತ್ತಿಡಿ. ಜುಲೈನಲ್ಲಿ 200 ಅಂತ ಹೇಳಿ ನೋಡಿ.

ಈಗ ಮುಖ್ಯ ಮಾತು. ಸರ್ಕಾರದ ಕ್ವಾರ್ಟರ್ ಏಪ್ರಿಲ್‌ನಿಂದ ಶುರು. ನಿಮ್ಮದು ಆ ತರಹ ಇಲ್ಲ. ಶಿವರಾತ್ರಿ ಹೊತ್ತಿಗೆ ಮಿಡಿ ಹುಡುಕಾಟ, ಆಮೇಲೆ ಉಪ್ಪು, ಹಲಸು, ಬಿಸಿಲು. ಮಳೆ ಹಿಡಿಯುವವರೆಗೆ ದುಡ್ಡು ಹೊರಗೆ ಹೋಗುವುದೇ ಜಾಸ್ತಿ. ಅದು ಒಂದು ತುಂಡು. ಮಳೆಗಾಲ ಇನ್ನೊಂದು. ನವರಾತ್ರಿಯಿಂದ ಡಿಸೆಂಬರ್‌ವರೆಗೆ ಮತ್ತೊಂದು. ಹೀಗೆ ಮೂರೇ ತುಂಡಾದರೂ ಅಡ್ಡಿಯಿಲ್ಲ, ನಾಲ್ಕೇ ಇರಬೇಕು ಅಂತ ಯಾರೂ ಹೇಳಿಲ್ಲ. ತೆರಿಗೆ ತಾರೀಕುಗಳನ್ನು ಕ್ಯಾಲೆಂಡರ್ ಮೇಲೆ ಬೇರೆಯಾಗಿ ಗುರುತು ಹಾಕಿಕೊಂಡರೆ ಮುಗಿಯಿತು.

ಇದನ್ನು ನಾನು ಕಲಿತದ್ದು ಬೈಸಿಕೊಂಡು. ವ್ಯಾಪಾರ ಶುರುಮಾಡಿದ ಎರಡನೇ ವರ್ಷ. ನಮ್ಮ ಕಡೆ ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಉಡಿ ತುಂಬೋಕೆ ಖಣ ಬೇಕೇ ಬೇಕು. ನಾನು ಜುಲೈ ಕ್ವಾರ್ಟರ್ ಅಂತ ಜುಲೈ 1ಕ್ಕೆ ಪ್ಲಾನ್ ಬರೆದು, ಗುಳೇದಗುಡ್ಡದ ನೇಕಾರರಿಗೆ ಫೋನ್ ಮಾಡಿದೆ. ತೇರಿನ ಚಿತ್ತಾರದ 80 ಖಣ ಬೇಕು, ಹಬ್ಬಕ್ಕೆ ಇನ್ನೂ ನಾಲ್ಕು ವಾರ ಇದೆ ಅಂದೆ. ಅವರು ನಕ್ಕರು. 'ಅಕ್ಕಾರ, ಪಂಚಮಿಗೆ ಖಣ ಬೇಕಂದ್ರ ಯುಗಾದಿಗೆ ಹೇಳಬೇಕ್ರಿ. ಮಗ್ಗ ನಿಮ್ಮ ಮೊಬೈಲ್ ಅಲ್ರಿ' ಅಂದರು. 22 ಖಣ ಸಿಕ್ಕವು. ಉಳಿದ ಆರ್ಡರ್‌ಗಳ ದುಡ್ಡನ್ನು ಒಬ್ಬೊಬ್ಬರಿಗೇ ವಾಪಸ್ ಕಳಿಸುತ್ತ ಕೂತೆ.

ಅಂದಿನಿಂದ ನನ್ನ ಪ್ಲಾನ್ ಹಿಂದಿನಿಂದ ಮುಂದಕ್ಕೆ. ಮೊದಲು ಮಾರುವ ದಿನ, ಆಮೇಲೆ ಅದು ತಯಾರಾಗಲು ಹಿಡಿಯುವ ದಿನ, ಆಮೇಲೆ ದುಡ್ಡು ಕೊಡುವ ದಿನ. ಪಂಚಮಿ ಮಾರಾಟ ಜುಲೈ ಪುಟದಲ್ಲಿದ್ದರೂ, ಅದರ ದುಡ್ಡು ಮಾರ್ಚ್ ಪುಟದಲ್ಲಿ ಕೂತಿರುತ್ತದೆ.

ಈ ವಿಷಯದಲ್ಲಿ ನೀವು ನನಗಿಂತ ಪುಣ್ಯವಂತರು. ನಿಮ್ಮ ಭರಣಿಯೇ ಗೋದಾಮು. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷ ಕಳೆದರೂ ಕೆಡುವುದಿಲ್ಲ ಅಂತ ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದಮೇಲೆ ಎಲ್ಲಕ್ಕೂ ಒಂದೇ ಸಲ ಖಾರ ಕಲಸುವುದು ಯಾಕೆ? ಹೋದ ಸಲ ಮಿಡಿಗೆ ಬಾಟಲಿಗೆ 80 ರೂಪಾಯಿ ಬಿದ್ದಿದೆ. ಈ ಸಲ 400 ಬಾಟಲಿಗೆ ಆಗುವಷ್ಟು ಹಾಕಿ. ಅದೇ ದರ ಇದ್ದರೆ 8,000 ಜಾಸ್ತಿ ಬೇಕು. ಬಾಟಲಿ ಕೊಳ್ಳುವ ಖರ್ಚು ಈ ವರ್ಷ ಸೊನ್ನೆ, ಅಟ್ಟಕ್ಕೆ ಏಣಿ ಇಟ್ಟರೆ ಸಾಕು. ಆದ್ದರಿಂದ ಆ 8,000 ನಿಮಗೆ ಭಾರವಾಗದು. 300ನ್ನು ಯಾವಾಗಿನಂತೆ ಮಾಡಿ ಮಾರಿ. 100 ಬಾಟಲಿಯ ಮಿಡಿ ಉಪ್ಪಿನಲ್ಲೇ ಇರಲಿ. ಮಹಾನವಮಿಗೆ ಮೂರು ವಾರ ಇದೆ ಅನ್ನುವಾಗ ಸಾಸಿವೆ ಅರೆಯಿರಿ. ಆ ಅರವತ್ತು ಜನರ ನಂಬರ್ ಬರೆದಿಟ್ಟುಕೊಂಡಿದ್ದೀರಿ ತಾನೇ? ಇಲ್ಲ ಅಂದರೆ ಇವತ್ತೇ ವಾಟ್ಸ್‌ಆ್ಯಪ್‌ನಲ್ಲಿ ಹಿಂದಕ್ಕೆ ಹೋಗಿ ಹುಡುಕಿ.

ಕಾಗದದ ಮೇಲೆ ಹೇಗೆ ಬರೆಯುವುದು ಅಂತ ಕೇಳಿದ್ದೀರಿ. ನೋಟ್‌ಬುಕ್‌ನ ಎದುರುಬದುರು ಎರಡು ಪುಟ ಸಾಕು. ಎಡಗಡೆ, ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಎಷ್ಟು ಬಾಟಲಿ, ಎಷ್ಟು ಕಟ್ಟು ಹೋಯಿತು. ರೂಪಾಯಿ ಅಲ್ಲ, ಎಣಿಕೆ. ಬೆಲೆ ಏರಿಸಿದಾಗ ರೂಪಾಯಿ ಸುಳ್ಳು ಹೇಳುತ್ತದೆ. ಬಲಗಡೆ, ಈ ಸಲ ಎಷ್ಟು, ಅದಕ್ಕೆ ಯಾವ ವಾರ ಎಷ್ಟು ದುಡ್ಡು ಹೊರಗೆ, ಯಾವ ವಾರ ಒಳಗೆ. ಕೆಳಗೆ ಒಂದು ಸಾಲು: ಮನೆಯಲ್ಲಿ ಕೈ ಎಷ್ಟಿವೆ. ಏಪ್ರಿಲ್‌ನಲ್ಲಿ ಮದುವೆ ಇದ್ದರೆ ಹಪ್ಪಳ ಯಾರು ಮಾಡುತ್ತಾರೆ? ಆ ಎಕ್ಸೆಲ್ ಶೀಟಿನ 14 ಕಾಲಂನಲ್ಲಿ ಇದಕ್ಕೆ ಜಾಗ ಇತ್ತಾ?

ಹೋದ ವರ್ಷದ ಪುಟ ನೋಡುವಾಗ ಒಂದು ಎಚ್ಚರ. ಹಬ್ಬಗಳು ಜಾಗ ಬದಲಾಯಿಸುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಹತ್ತು ದಿನದ ವ್ಯತ್ಯಾಸ ಅಷ್ಟೇ, ಆದರೆ ಹಬ್ಬದ ಮಾರಾಟ ಪೂರ್ತಿ ಹಿಂದಿನ ಕ್ವಾರ್ಟರ್‌ಗೆ ಜಾರಿತು. 2025ರ ಏಪ್ರಿಲ್-ಜೂನ್ ಲೆಕ್ಕ ನೋಡಿ ನನ್ನ ವ್ಯಾಪಾರ ಮುಳುಗಿತು ಅಂದುಕೊಂಡು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆಗೆ ಗೋಡೆಯ ಪಂಚಾಂಗ ನೋಡಿದ್ದು ನನ್ನ ಮಗಳು.

ಹೊಸದಾಗಿ ಏನಾದರೂ ಮಾಡುವ ಆಸೆ ಇದ್ದರೆ ಮೂರು ತಿಂಗಳಿಗೆ ಒಂದೇ. ಮುರುಗಲ (ಪುನರ್ಪುಳಿ) ಸಿರಪ್ ಶುರುಮಾಡುವುದಾದರೆ ಆ ಮೂರು ತಿಂಗಳು ಹೊಸ ಲೇಬಲ್, ವೆಬ್‌ಸೈಟ್ ಎರಡಕ್ಕೂ ಕೈ ಹಾಕಬೇಡಿ. ಮಳೆಗಾಲದಲ್ಲಿ ಕರೆಂಟ್ ಇದ್ದಾಗ ಫೋಟೊ, ಲೆಕ್ಕ, ತಿಂಡಿ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಕಾಗದಪತ್ರ ನೋಡಿಕೊಳ್ಳಿ. ಘಟ್ಟದಲ್ಲಿ ಗುಡ್ಡ ಜರಿದರೆ ಕೊರಿಯರ್ ತಡವಾಗುತ್ತದೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಪುಣೆಗೂ ಬಾಟಲಿ ಕಳಿಸುತ್ತೇನೆ ಅಂತ ಫೋನ್‌ನಲ್ಲಿ ಅಂದಿರಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವುದು ರಾಜ್ಯದ ಒಳಗಿನ ಮಾರಾಟಕ್ಕೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಮಿಡಿ ಕೊಳ್ಳುವ ಮೊದಲೇ ಶಿರಸಿಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೂತು ಬನ್ನಿ. ಅವರ ಫೀಸನ್ನೂ ಬಲಗಡೆ ಪುಟದಲ್ಲಿ ಬರೆಯಿರಿ.

ಜೀರಿಗೆ ಮಿಡಿ ಸಿಕ್ಕರೆ ನನಗೆರಡು ಬಾಟಲಿ. ದುಡ್ಡು ಈಗಲೇ ಕಳಿಸುತ್ತೇನೆ. ಹಳೇ ಗಿರಾಕಿಗಳ ಹತ್ತಿರವೂ ಹೀಗೇ ಮುಂಗಡ ಕೇಳಿ ನೋಡಿ, ಸುಮಾರು ಜನ ಕೊಡುತ್ತಾರೆ.

ಪ್ರಶ್ನೆ: ಮೇಡಂ, ನಾನು, ನನ್ನ ಹೆಂಡತಿ ಬೆಂಗಳೂರಿನಲ್ಲಿ ಮಕ್ಕಳ ಹತ್ತಿ ಬಟ್ಟೆ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುತ್ತೇವೆ, ಚೆನ್ನೈಗೂ ಹೋಗುತ್ತದೆ. ಜಿಎಸ್‌ಟಿ ಇದೆ. ಪ್ರತಿ ಸಲ ತಾರೀಕು ತಪ್ಪಿ ದಂಡ ಕಟ್ಟುತ್ತೇವೆ. ಮೂರು ತಿಂಗಳಿಗೊಮ್ಮೆ ನೆನಪಿಡಬೇಕಾದ ತಾರೀಕು ಹೇಳಿ.

ಉತ್ತರ: ನಾನು ಇವನ್ನು ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ಕ್ಯಾಲೆಂಡರ್ ಮೇಲೇ ಬರೆದಿದ್ದೇನೆ, ದಿನಾ ಕಣ್ಣಿಗೆ ಬೀಳಲಿ ಅಂತ.

ಅಡ್ವಾನ್ಸ್ ಟ್ಯಾಕ್ಸ್ (ಆದಾಯ ತೆರಿಗೆಯ ಮುಂಗಡ ಕಂತು): ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ವರ್ಷದ ತೆರಿಗೆಯಲ್ಲಿ ಮೊದಲ ತಾರೀಕಿಗೆ 15%, ಎರಡನೆಯದಕ್ಕೆ ಒಟ್ಟು 45%, ಮೂರನೆಯದಕ್ಕೆ 75%, ಕೊನೆಗೆ ಪೂರ್ತಿ. ವರ್ಷದ ತೆರಿಗೆ 10,000ಕ್ಕಿಂತ ಕಡಿಮೆ ಇದ್ದರೆ ಈ ತಲೆನೋವಿಲ್ಲ. ಮಾರಾಟದ ಇಂತಿಷ್ಟು ಭಾಗವೇ ಲಾಭ ಅಂತ ತೋರಿಸುವ ಅಂದಾಜು ಆದಾಯದ ವ್ಯವಸ್ಥೆಯಲ್ಲಿದ್ದರೆ ಮಾರ್ಚ್ 15ರ ಒಂದೇ ಕಂತು.

ಜಿಎಸ್‌ಟಿಯಲ್ಲಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ 2021ರ ಜನವರಿಯಿಂದ ಇದೆ. 5 ಕೋಟಿವರೆಗಿನ ವಹಿವಾಟಿನವರು ಆರಿಸಿಕೊಳ್ಳಬಹುದು. ಕ್ವಾರ್ಟರ್ ಮುಗಿದ ಮುಂದಿನ ತಿಂಗಳ 13ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), ಕರ್ನಾಟಕದವರಿಗೆ 22ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆಯ ಒಟ್ಟು ಲೆಕ್ಕ). ರಿಟರ್ನ್ ಮೂರು ತಿಂಗಳಿಗೊಮ್ಮೆ ಅಂತ ದುಡ್ಡೂ ಹಾಗೇ ಅಂದುಕೊಂಡರೆ ಕೆಟ್ಟಿರಿ. ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ನೀವು ದಂಡ ಅನ್ನುತ್ತಿರುವುದು ಇಲ್ಲಿ ತಡವಾಗಿದ್ದಕ್ಕೆ ಬೀಳುವ ಬಡ್ಡಿಯೇ ಇರಬೇಕು ಅಂತ ನನ್ನ ಗುಮಾನಿ.

ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಇಂತಿಷ್ಟು ಅಂತ ಜಿಎಸ್‌ಟಿ ಕಟ್ಟುವ ವ್ಯವಸ್ಥೆ) ಸುಲಭ ಅಲ್ವಾ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ನಿಮ್ಮ ಬಟ್ಟೆ ಚೆನ್ನೈಗೂ ಹೋಗುತ್ತದೆ ಅಂತ ಬರೆದಿದ್ದೀರಿ.

ನಾನು ಮಾಡುವುದು ಇಷ್ಟು. ಗಿರಾಕಿ ಕೊಟ್ಟ ದುಡ್ಡಿನಲ್ಲಿ ತೆರಿಗೆಯ ಭಾಗವನ್ನು ಪ್ರತಿ ಸೋಮವಾರ ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯ ಎಟಿಎಂ ಕಾರ್ಡ್ ನನ್ನ ಹತ್ತಿರ ಇಲ್ಲ, ಬೇಕಂತಲೇ ತಗೊಂಡಿಲ್ಲ.

ಪ್ರಶ್ನೆ: ಮಂಗಳೂರಿನಲ್ಲಿ ಕೈಕೆಲಸದ ಮೇಣದಬತ್ತಿ ಮಾರುತ್ತೇನೆ. ಪ್ರತಿ ಕ್ವಾರ್ಟರ್‌ಗೂ ಪ್ಲಾನ್ ಬರೆಯುತ್ತೇನೆ. ಆರನೇ ವಾರಕ್ಕೆ ಅದು ಹಳ್ಳ ಹಿಡಿದಿರುತ್ತದೆ. ಏನು ಮಾಡಲಿ?

ಉತ್ತರ: ಆರನೇ ವಾರಕ್ಕೆ ಮತ್ತೆ ಬರೆಯಿರಿ. ಪೆನ್ಸಿಲ್‌ನಲ್ಲಿ. ಹಳೆಯದನ್ನು ಮಾತ್ರ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಯಾಕೆ ತಪ್ಪಿತು ಅಂತ ನಾಲ್ಕು ಶಬ್ದ ಹಾಕಿ. 'ಮೇಣ ತಡವಾಗಿ ಬಂತು', 'ನನಗೆ ಜ್ವರ' ಅಂತ. ನನ್ನ ಐದು ವರ್ಷದ ನೋಟ್‌ಬುಕ್ ತೆಗೆದು ನೋಡಿದಾಗ ಹನ್ನೊಂದು ಕಡೆ ಒಂದೇ ಮಾತಿತ್ತು: 'ಡಬ್ಬ ಖಾಲಿ'. ಖಣ ಇತ್ತು, ಗಿರಾಕಿ ಇದ್ದರು, ಕಳಿಸಲು ರಟ್ಟಿನ ಡಬ್ಬ ಇರಲಿಲ್ಲ. ಈಗ ಕೊನೆಯ 40 ಡಬ್ಬದ ಕಟ್ಟಿಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ. ದಾರ ಬಿಚ್ಚಿದ ದಿನವೇ ಹೊಸ ಡಬ್ಬಕ್ಕೆ ಫೋನ್ ಮಾಡುತ್ತೇನೆ.